ಶಿರಾದಲ್ಲಿ ಸಿಗದ ಹೆಸರು

ನಾನು ಕೆಲಸ ಮಾಡುವ ಆಸ್ಪತ್ರೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಶಾಖೆಗಳಿವೆ. ಯಾವ ಊರಿನಲ್ಲಿ ಯಾರು ಲಾಗಿನ್ ಆದರೂ ಕಂಪ್ಯೂಟರ್ ಅವರ ಹೆಸರನ್ನು ಹುಡುಕುವುದು ಮಧುಗಿರಿಯಲ್ಲಿರುವ ಒಂದೇ ಡೈರೆಕ್ಟರಿಯಲ್ಲಿ. ಎಲ್‌ಡ್ಯಾಪ್ ಎನ್ನುತ್ತಾರೆ. ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಬಂದು ಆಗಿನ್ನೂ ಕೆಲವು ವಾರಗಳಾಗಿದ್ದವು.

ಅಲ್ಲಿ ಯಾರೂ ಬರೀ ಹೆಸರಿನಿಂದ ಇರುವುದಿಲ್ಲ. ಮೊದಲು ವ್ಯಕ್ತಿ, ಆಮೇಲೆ ವಿಭಾಗ, ಆಮೇಲೆ ಊರು, ಕೊನೆಗೆ ಆಸ್ಪತ್ರೆ. ಇಷ್ಟೂ ಸೇರಿದರೆ ಒಬ್ಬರ ಪೂರ್ತಿ ಹೆಸರು, ಡಿಸ್ಟಿಂಗ್ವಿಶ್ಡ್ ನೇಮ್. ಅದು ನನಗೆ ಹೊಸದೆನಿಸಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿಯರು ಯಾರ ಮಗಳು, ಯಾವ ಮನೆ, ಯಾವೂರು ಎಂದು ಕೇಳುವುದೂ ಅದನ್ನೇ. ನಾನು ಊರೊಂದನ್ನು ಹೇಳಿ ಕಿಟಕಿಯ ಕಡೆ ತಿರುಗುತ್ತಿದ್ದೆ.

ಅಂದು ಬೆಳಿಗ್ಗೆ ಶಿರಾ ಶಾಖೆಯ ಲ್ಯಾಬಿನಿಂದ ಫೋನ್ ಬಂತು. ಬಾಣಂತನ ಮುಗಿಸಿ ಅವತ್ತೇ ಕೆಲಸಕ್ಕೆ ಮರಳಿದ್ದ ಟೆಕ್ನಿಷಿಯನ್.

"ಲಾಗಿನ್ ಆಗ್ತಿಲ್ಲ ಕಣಮ್ಮ. ಇಂಥ ಹೆಸ್ರೇ ಇಲ್ಲ ಅಂತೈತೆ. ಇಲ್ಲಿ ಹೆರಿಗೆ ಆದ ಹೆಂಗ್ಸಿಗೆ ರಕ್ತ ನಿಲ್ತಿಲ್ಲ. ಬೇಗ ನೋಡ್ಬುಡು."

ಏರಿಸಬೇಕಾದ ರಕ್ತ ಸಿದ್ಧವಿತ್ತು. ಆದರೆ ಲಾಗಿನ್ ಇಲ್ಲದೆ ಚೀಲದ ಮೇಲಿನ ಚೀಟಿ ಅಚ್ಚಾಗುವುದಿಲ್ಲ, ಚೀಟಿ ಇಲ್ಲದ ಚೀಲವನ್ನು ಡಾಕ್ಟರು ಮುಟ್ಟುವುದಿಲ್ಲ. ಲಾಗಿನ್ ಇದ್ದ ರಾತ್ರಿ ಪಾಳಿಯವರು ಬುಕ್ಕಾಪಟ್ಟಣದ ಬಸ್ಸು ಹತ್ತಿಯಾಗಿತ್ತು. ಅವರ ಫೋನ್ ಸಿಗುತ್ತಿರಲಿಲ್ಲ.

ಹುಡುಕುವ ಮುಂಚೆ ಎಲ್ಲಿಂದ ಶುರು, ಎಷ್ಟು ಆಳದವರೆಗೆ, ಯಾರನ್ನು ಎಂದು ಹೇಳಬೇಕು. ಶಿರಾದಿಂದ, ತಳದವರೆಗೆ, ಅವರ ಹೆಸರು ಎಂದು ಕೊಟ್ಟೆ. ಯಾರೂ ಸಿಗಲಿಲ್ಲ. ತಪ್ಪಾಗಿದೆ ಎಂದು ಕಂಪ್ಯೂಟರ್ ಹೇಳಿದ್ದರೂ ಧೈರ್ಯವಿರುತ್ತಿತ್ತು. ಅದು ಏನೂ ಹೇಳಲಿಲ್ಲ. ಅಕ್ಷರ ಅಕ್ಷರ ನೋಡಿ ಮತ್ತೆ ಹುಡುಕಿದೆ. ಮತ್ತೆ ಖಾಲಿ. ಯಾರಾದರೂ ಅಳಿಸಿಬಿಟ್ಟಿದ್ದರೆ? ಹೊಸದಾಗಿ ಸೇರಿಸಿ ಲ್ಯಾಬಿನ ಅನುಮತಿಗಳನ್ನೆಲ್ಲ ಪಡೆಯುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಆ ಹೆಂಗಸಿಗೆ ಮಧ್ಯಾಹ್ನದವರೆಗೆ ಸಮಯವಿರಲಿಲ್ಲ.

"ಶಿರಾದಲ್ಲಿ ನೀವು ಇಲ್ಲ ಅಕ್ಕಾ," ಎಂದೆ.

"ಇಲ್ವಾ? ಹಂಗಾರೆ ಇಲ್ಲಿ ಕುಂತಿರೋದು ನನ್ ದೆವ್ವನಾ?"

ಅವರ ಹಿಂದೆ ಯಾರೋ ಕೂಗಿದರು: "ಬಿಪಿ ಇಳೀತೈತೆ, ಚೀಟಿ ಎಲ್ಲಿ ಮೇಡಂ?"

ಊರನ್ನು ಬಿಟ್ಟು ಎಲ್ಲಕ್ಕಿಂತ ಮೇಲಿನಿಂದ, ಆಸ್ಪತ್ರೆಯಿಂದಲೇ ಹುಡುಕಿದೆ. ಅದೇ ಹೆಸರಿನ ಇಬ್ಬರು ಸಿಕ್ಕರು, ಒಬ್ಬರು ಕೊರಟಗೆರೆಯಲ್ಲಿ, ಇನ್ನೊಬ್ಬರು ಪಾವಗಡದಲ್ಲಿ. ಇಬ್ಬರೂ ಲ್ಯಾಬಿನವರೇ. ಸಿದ್ದರಬೆಟ್ಟದ ದೇವರ ಹೆಸರಿಟ್ಟುಕೊಂಡವರು ನಮ್ಮ ಕಡೆ ಲೆಕ್ಕವಿಲ್ಲದಷ್ಟು. ಇವರಲ್ಲದವರನ್ನು ಶಿರಾಕ್ಕೆ ತಂದರೆ ಅವರ ಊರಿನ ಲ್ಯಾಬೂ ನಿಂತುಹೋಗುತ್ತಿತ್ತು. ಕೊನೆಗೆ, ನನ್ನನ್ನು ಯಾರೂ ಕೇಳಬಾರದೆಂದುಕೊಳ್ಳುವ ಪ್ರಶ್ನೆಯನ್ನೇ ಕೇಳಿದೆ.

"ಅಕ್ಕಾ, ನಿಮ್ಮ ತವರು ಯಾವೂರು?"

"ನೆಂಟಸ್ತನ ಮಾಡೋ ಹೊತ್ತಾ ತಾಯಿ ಇದು?"

"ದಯವಿಟ್ಟು ಹೇಳಿ."

"ಪಾವಗಡ. ಹೆರಿಗೆಗೆ ಮುಂಚೆ ಅಲ್ಲೇ ಡ್ಯೂಟಿಗೆ ಹೋಗ್ತಿದ್ದೆ."

ಹೆರಿಗೆಗೆಂದು ತವರಿಗೆ ಹೋಗುವವರಿಗೆ ದಿನ ತುಂಬುವವರೆಗೆ ಆ ಊರಿನ ಶಾಖೆಯಲ್ಲೇ ಕೆಲಸ ಕೊಡುವುದು ನಮ್ಮಲ್ಲಿ ರೂಢಿ. ಡೈರೆಕ್ಟರಿಯಲ್ಲೂ ಅವರನ್ನು ಆ ಊರಿನ ಕೆಳಗೆ ಸರಿಸುತ್ತಿದ್ದರು. ಒಂದೇ ಹೆಸರಿನವರು ಬಹಳ ಜನ ಇದ್ದುದರಿಂದ ಪ್ರತಿ ಶಾಖೆಯ ಕಂಪ್ಯೂಟರ್ ತನ್ನ ಊರಿನಲ್ಲಷ್ಟೇ ಹುಡುಕುತ್ತಿತ್ತು. ಬಾಣಂತನ ಮುಗಿದು ತಾಯಿ, ಮಗು ಇಬ್ಬರೂ ಶಿರಾಕ್ಕೆ ಬಂದಿದ್ದರು. ಹೆಸರನ್ನು ಯಾರೂ ಕರೆತಂದಿರಲಿಲ್ಲ.

ಪಾವಗಡದ ಪೂರ್ತಿ ಹೆಸರನ್ನು ತುಟಿಯಲ್ಲೇ ಓದಿಕೊಂಡು ಶಿರಾಕ್ಕೆ ಸರಿಸಿದೆ.

"ಈಗ ನೋಡಿ ಅಕ್ಕಾ."

ಕೀಲಿಗಳ ಸದ್ದು. ಆಮೇಲೆ ಏನೂ ಇಲ್ಲ. ಪ್ರಿಂಟರ್ ಕರಕರ ಎಂದಿತು, ಫೋನ್ ಕಟ್ಟಾಯಿತು.

ಅಲ್ಲಿಂದ ಏಳಲಾಗಲಿಲ್ಲ. ಪ್ರತಿ ಸಲ ಫೋನ್ ಹೊಡೆದಾಗಲೂ ಶಿರಾದ ನಂಬರೇ ಎಂದು ನೋಡುತ್ತಿದ್ದೆ. ಊಟದ ಹೊತ್ತು ಕಳೆದ ಮೇಲೆ ಟೆಕ್ನಿಷಿಯನ್ ಅವರೇ ಫೋನ್ ಮಾಡಿದರು.

"ಉಳ್ಕಂಡ್ಳು ಕಣಮ್ಮ. ಕಣ್ ಬಿಟ್ಟು ಮಗೀನ ಕೇಳಿದ್ಳು. ನೀನು ಉಂಡ್ಯಾ?"

"ಹೂಂ," ಎಂದೆ. ಉಂಡಿರಲಿಲ್ಲ.

ಸಂಜೆ ಸಿಬ್ಬಂದಿ ವಿಭಾಗದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತರು. "ಶಿರಾದ ನರ್ಸಮ್ಮ ಒಬ್ರು ಹೆರಿಗೆಗೆ ಕೊರಟಗೆರೆಗೆ ಹೊಂಟವ್ರೆ. ಹೆಸ್ರು ಆ ಕಡೆ ಹಾಕ್ಬುಡಮ್ಮ."

"ಅವರು ಹೋಗಿಬರಲಿ ಸಾರ್. ಹೆಸರು ಶಿರಾದಲ್ಲೇ ಇರಲಿ. ಅವರನ್ನು ಶಿರಾದಲ್ಲೂ ಹುಡುಕು ಅಂತ ಕೊರಟಗೆರೆ ಕಂಪ್ಯೂಟರಿಗೆ ಹೇಳ್ತೀನಿ."

"ಇಷ್ಟು ದಿನ ಹಂಗೇ ನಡೀತಿತ್ತಲ್ಲ?"

ನರ್ಸಮ್ಮನ ಹೆಸರು ಕೇಳಿ ಬರೆದುಕೊಂಡೆ. ಅವರು ಬಾಗಿಲಲ್ಲಿರುವಾಗಲೇ ಕೊರಟಗೆರೆ ಕಂಪ್ಯೂಟರಿನ ಹುಡುಕಾಟಕ್ಕೆ ಆ ಹೆಸರನ್ನು ಸೇರಿಸಿದೆ; ಶಿರಾದ ಕೆಳಗೆ ಸಿಕ್ಕಿತು.