ಹೊಸ ಬಸ್ಸಿನಲ್ಲಿ ಅಯ್ಯನವರು

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ನಾನು ಬೀದರ್–ಭಾಲ್ಕಿ ಬಸ್ಸಿನ ಕಂಡಕ್ಟರ್. ಹಳೆ ಬಸ್ಸಿನಲ್ಲಿ ಜನ ಎದುರುಬದುರು ಕೂಡುತ್ತಿದ್ದರು. ಹೊಸದರಲ್ಲಿ ಸೀಟುಗಳೆಲ್ಲ ಮುಂದಕ್ಕೇ ಮುಖ ಮಾಡಿದ್ದವು. (ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.) ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಹೊಸ ಬಸ್ಸು ವಾಪಸ್ ಹೈದರಾಬಾದಿಗೆ ಎಂದು ಡಿಪೋದ ಸಾಹೇಬರು ಹೇಳಿದ್ದರು.

ಮೊದಲ ದಿನವೇ ಭಾತಂಬ್ರಾದ ಮಠದ ಅಯ್ಯನವರು ಹಿಂದಿನ ಸೀಟಿನಲ್ಲಿ ಕುಳಿತರು. ಅವರಿಗೆ ಬೆನ್ನು ಮಾಡಲಾರದೆ ಉಳಿದವರೆಲ್ಲ ಎದ್ದು ನಿಂತರು. ನಿಂತವರನ್ನು ಒಯ್ಯುವಂತಿರಲಿಲ್ಲ.

"ಅಪ್ಪೋರ, ಮುಂದ ಬಂದು ಕೂಡ್ರಿ," ಎಂದೆ. ಬಂದರು. ಎಲ್ಲರೂ ಕುಳಿತರು. ಆಗ ಡ್ರೈವರ್ ಎದ್ದುನಿಂತ.

"ನಾ ಅಯ್ಯನೋರಿಗೆ ಬೆನ್ನ ಮಾಡಿ ಹ್ಯಾಂಗ ಕೂಡ್ಲಿರಿ?"

ಅಯ್ಯನವರು ನಕ್ಕರು. "ಹಾದಿ ನೋಡ್ಕೋತ ಹೊಡಿಯಪಾ. ನಿನ್ನ ಮಾರಿಕಿಂತ ಬೆನ್ನೇ ಛಲೋ ಅದ."

ಭಾಲ್ಕಿಗೆ ಹೊತ್ತಿಗೆ ಮುಟ್ಟಿದೆವು. ಬಾಗಿಲು ಹಿಂದಿತ್ತಲ್ಲ, ಎಲ್ಲರೂ ಅಯ್ಯನವರ ಕಡೆ ಮುಖಮಾಡಿಕೊಂಡೇ ಹಿಂದೆ ಹಿಂದೆ ಹೆಜ್ಜೆಯಿಟ್ಟು ಇಳಿದರು. ಪುಣ್ಯಕ್ಕೆ, ಇಳಿಯುವುದಕ್ಕೆ ಸಾಹೇಬರು ಹೊತ್ತು ಗೊತ್ತುಮಾಡಿರಲಿಲ್ಲ.