ನಿಂತ ಬೆಳೆಗೊಂದು ಇಂಗ್ಲಿಷ್ ಶಬ್ದ

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆಯಿಲ್ಲ. ನಿಪ್ಪಾಣಿ ಕಡೆಯ ಕಪ್ಪು ನೆಲದಲ್ಲಿ ನನ್ನಂತೆ ತಂಬಾಕು ಬೆಳೆಯುವವರು ನಮ್ಮೂರಲ್ಲಿ ಇನ್ನೊಬ್ಬರು ಸಿಕ್ಕರೆ ಹೆಚ್ಚು. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. ಆದರೆ ಒಂದು ಇಂಗ್ಲಿಷ್ ಶಬ್ದದ ಮುಂದೆ ನಿಂತಿದ್ದೇನೆ. ಆ ಶಬ್ದ ಎಂಬ್ಲಿಮೆಂಟ್ಸ್.

ಹೊಲ ನನ್ನದಲ್ಲ, ಊರಿನ ಒಬ್ಬ ಮುದುಕಿಯದು. ನಾನು ಆಕೆಯನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಆಕೆಯ ಗಂಡ ಸಾಯುವ ಮುಂಚೆ, ಇರುವ ತನಕ ಇವಳು ಉಣ್ಣಲಿ, ಆಮೇಲೆ ಹೊಲ ತನ್ನ ತಮ್ಮನ ಮಕ್ಕಳಿಗೆ ಹೋಗಲಿ ಎಂದು ಮೃತ್ಯುಪತ್ರ ಮಾಡಿಸಿದ್ದ. ನಾನು ಪಾಲಿಗೆ ಮಾಡುತ್ತಿದ್ದೆ. ಅರ್ಧ ಬೆಳೆ ಆಕೆಗೆ, ಅರ್ಧ ನನಗೆ. ಕಾಗದವಿರಲಿಲ್ಲ, ಬರೀ ಮಾತು.

ಆ ವರ್ಷ ತುದಿ ಚಿವುಟಿ, ಬಗಲ ಕುಡಿ ಮುರಿದು, ಎಲೆ ಆನೆಯ ಕಿವಿಯಷ್ಟಾಗಿತ್ತು. ಎಲೆಯ ಮೇಲೆ ಕಂದು ಚುಕ್ಕಿ ಮೂಡತೊಡಗಿದ ಹೊತ್ತಿಗೆ ಕಾಕು ತೀರಿಕೊಂಡಳು. ಚುಕ್ಕಿ ಬಿದ್ದ ತಂಬಾಕು ಬಹಳ ದಿನ ಕಾಯುವುದಿಲ್ಲ. ಆದರೆ ನಮ್ಮಲ್ಲೊಂದು ರೂಢಿ: ಹೊಲದ ಒಡೆಯರು ಸತ್ತರೆ ದಿನಕರ್ಮ ಮುಗಿಯುವ ತನಕ ಆ ಹೊಲಕ್ಕೆ ಕಬ್ಬಿಣ ಒಯ್ಯುವುದಿಲ್ಲ. ಕುಡಗೋಲು, ಗುದ್ದಲಿ, ಕುಂಟೆ ಎಲ್ಲ ಮನೆಯಲ್ಲೇ. ನಾನೂ ಮನೆಯಲ್ಲೇ ಕೂತೆ.

ಕರ್ಮ ಮುಗಿದ ಮರುದಿನ ಕುಡಗೋಲು ಹಿಡಿದು ಹೋದರೆ ಹೊಲದ ಬಾಯಿಗೆ ಜಾಲಿ ಮುಳ್ಳು ಬಡಿದು ದಾರಿ ಮುಚ್ಚಿದ್ದರು. ಕಾಕುವಿನ ಮೈದುನನ ಮಗ ಬದುವಿನ ಮೇಲೆ ನಿಂತಿದ್ದ. ಸಣ್ಣವನಿದ್ದಾಗಿಂದ ಕೊಲ್ಹಾಪುರದಲ್ಲಿ ಬೆಳೆದ ಹುಡುಗ.

"ಕಾಕಾ, ನೀವ ಬಿಟ್ಟ ಹೋದ್ರಿ ಅಂದ್ರ ನಾ ಏನ್ ಮಾಡ್ಲಿ? ಇಷ್ಟ ದಿನ ಒಬ್ರೂ ಹೊಲಕ್ಕ ಹಣಿಕಿ ಹಾಕಿಲ್ಲ."

"ಬಿಟ್ಟಿಲ್ಲೋ ತಮ್ಮಾ. ನಿಂತಿದ್ನಿ."

"ಎರಡೂ ಒಂದ ಆತಲ್ರಿ."

ಸಿಟ್ಟಿನಲ್ಲೇ ಚಿಕ್ಕೋಡಿ ಬಸ್ಸು ಹತ್ತಿದೆ. ಕೋರ್ಟಿನ ಎದುರು ಕೂಡುವ ವಯಸ್ಸಾದ ವಕೀಲರೊಬ್ಬರು ಎಲ್ಲ ಕೇಳಿಸಿಕೊಂಡರು.

"ಕಾಗದ ಐತೇನು?"

"ಇಲ್ರಿ."

"ಸಾಕ್ಷಿ?"

"ಇಡೀ ಊರ ಐತ್ರಿ."

"ಇಡೀ ಊರು ಅಂದ್ರ ಕೋರ್ಟಿಗೆ ಒಬ್ಬನೂ ಬರಾಂಗಿಲ್ಲ ಅಂತ ತಿಳಕೋ." ಎದ್ದು ಒಂದು ದಪ್ಪ ಪುಸ್ತಕ ತೆಗೆದರು. "ಹೊಲ ಕೇಳಬ್ಯಾಡ, ಅದು ನಿಂದಲ್ಲ. ಬೆಳಿ ಕೇಳು. ಅದಕ್ಕೊಂದು ಶಬ್ದ ಐತಿ."

ಆಗ ಅವರು ಆ ಶಬ್ದ ಹೇಳಿದರು. ಬಹಳ ಹಿಂದೆ ಇಂಗ್ಲೆಂಡಿನಲ್ಲೂ ಬೇರೆಯವರ ಹೊಲ ಉಳುವವರಿದ್ದರಂತೆ. ಎಷ್ಟು ದಿನ ಎಂಬ ಗೊತ್ತುಗುರಿಯಿಲ್ಲ. ಹೊಲದ ಹಕ್ಕಿದ್ದವರು ಯಾವಾಗ ಸಾಯುತ್ತಾರೋ ಯಾರಿಗೆ ಗೊತ್ತು. ಉಳುವವನ ತಪ್ಪಿಲ್ಲದೆ ಹೊಲ ಕೈತಪ್ಪಿದರೆ, ಅವನು ಬಿತ್ತಿದ ಬೆಳೆ ಅವನದೇ. ಕೊಯ್ಯಲು ಒಳಗೆ ಹೋಗುವ, ಹೊತ್ತು ಹೊರಗೆ ಬರುವ ದಾರಿಯೂ ಅವನದೇ. ಶಬ್ದದ ಬೇರು ಹಳೆಯ ಫ್ರೆಂಚಿನದು, ಗೋಧಿ ಬಿತ್ತುವುದು ಎಂದು ಅರ್ಥ. ನಮ್ಮ ಕಾಯ್ದೆಯಲ್ಲೂ ಇದೇ ಮಾತು ಬೇರೆ ರೂಪದಲ್ಲಿ ಇದೆಯಂತೆ.

ಸಮುದ್ರದಾಚೆ ನನ್ನಂಥವನೊಬ್ಬ ಗೋಧಿ ಬಿತ್ತಿ, ಮುಚ್ಚಿದ ಹೊಲದ ಬಾಯಲ್ಲಿ ನಿಂತಿದ್ದನೇ? ಅವನ ಹೊಟ್ಟೆಯ ಸಂಕಟ ಇಷ್ಟು ದೊಡ್ಡ ಪುಸ್ತಕ ಸೇರಿತೇ? ಆ ಶಬ್ದವನ್ನು ತಿರುವಿ ತಿರುವಿ ನೋಡುವ ಆಸೆಯಾಯಿತು.

"ಬದುವಿನ ಮ್ಯಾಲಿನ ಮಾವಿನ ಗಿಡ ನಾನ ಹಚ್ಚೇನ್ರಿ."

"ಅದು ಬರಾಂಗಿಲ್ಲ. ಗಿಡ ಹೊಲದ ಕೂಡ ಹೋಗತೈತಿ."

"ಹುಲ್ಲು?"

"ಹುಲ್ಲ ನೀ ಬಿತ್ತಿದ್ಯೇನು?"

"ಬಟಾಟಿ ಗಡ್ಡಿ?"

"ಬರತೈತಿ. ವರ್ಷಾ ವರ್ಷಾ ನೀ ಮೈಮುರದ ಬೆಳದದ್ದ ಬರತೈತಿ."

ಮಾವು ಹೋದದ್ದಕ್ಕೆ ಬೇಸರವಾಯಿತು. ಆದರೂ ತಾನಾಗಿ ಬೆಳೆದದ್ದು ಯಾವುದು, ದುಡಿದು ಬೆಳೆದದ್ದು ಯಾವುದು ಎಂದು ಆ ಶಬ್ದ ಮೊರದಲ್ಲಿ ಕೇರಿದಂತೆ ಬೇರೆ ಮಾಡುತ್ತಿತ್ತು. ರೈತನಲ್ಲದವನು ಅದನ್ನು ಕಟ್ಟಿರಲಾರ ಅನ್ನಿಸಿತು.

ವಕೀಲರು ಪುಸ್ತಕ ಮುಚ್ಚಿದರು. "ತಾನಾಗಿ ಬಿಟ್ಟ ಹೋದವಗ ಈ ಶಬ್ದ ಇಲ್ಲ. ನೀ ಬಿಟ್ಟಿದ್ಯೋ ನಿಂತಿದ್ಯೋ ಅನ್ನೂದು ಇದರಾಗ ಬರದಿಲ್ಲ. ಕೋರ್ಟಿಗೆ ಹಾಕಿದ್ರ ತೀರ್ಪ ಬರೂದ್ರಾಗ ತಂಬಾಕು ಮಣ್ಣ ಆಗತೈತಿ. ಮದಲ ಅವರ ಮನಿಗೆ ಹೋಗಿ ಮಾತಾಡು."

ಮರುದಿನ ಬೆಳಿಗ್ಗೆ ಹೋದೆ. ಹುಡುಗನ ತಾಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಶಬ್ದ ಹೇಳಿದೆ. ಹುಡುಗ ನಕ್ಕ.

"ಕಾಕಾ, ಯಾವಾಗ ಇಂಗ್ಲಿಷ್ ಕಲತ್ರಿ?"

"ಏನಂತಪಾ ಅದು?" ತಾಯಿ ಕೇಳಿದರು.

ಬಿತ್ತಿದವನು ಕೊಯ್ದುಕೊಂಡು ಹೋಗಬಹುದು, ತಾನಾಗಿ ಬಿಟ್ಟಿದ್ದರೆ ಮಾತ್ರ ಇಲ್ಲ ಎಂದು ಹೇಳಿದೆ. ಮಗ ಎಷ್ಟು ದಿನ ಹೊಲ ಬಿಕೋ ಎಂದಿತ್ತೆಂದು ಹೇಳತೊಡಗಿದ. ಆಕೆ ಮೊರ ಕೆಳಗಿಟ್ಟರು.

"ನಿಮ್ಮ ದೊಡ್ಡವ್ವ ಸತ್ತಿದ್ಲಲೇ. ಹೊಲಕ್ಕ ಕಬ್ಬಿಣ ಹ್ಯಾಂಗ ಒಯ್ತಾನ? ನಿಮ್ಮಪ್ಪ ಹೋದಾಗ ನಮ್ಮ ಕಬ್ಬ ಒಣಗಿ ನಿಂತಿತ್ತು, ಒಬ್ಬ ಆಳೂ ಕುಡಗೋಲ ಮುಟ್ಟಲಿಲ್ಲ. ಅವ್ರೆಲ್ಲಾ ಬಿಟ್ಟ ಹೋಗಿದ್ರೇನು? ಮರ್ಯಾದಿ ಕೊಟ್ಟ ಮನಷ್ಯಾಗ ಮುಳ್ಳ ಬಡದಿ. ಹೋಗಿ ಕಿತ್ತ ಬಾ."

"ನಂಗ್ಯಾರ ಹೇಳಿದ್ರಬೇ?"

"ಕೇಳಿದ್ಯೇನು?"

ಹುಡುಗ ಚಪ್ಪಲಿ ಮೆಟ್ಟಿದ. ಹೊಲಕ್ಕೆ ಬಂದು ಮುಳ್ಳನ್ನು ತಾನೇ ಕಿತ್ತ. ಕೈಗೆ ಚುಚ್ಚಿದ್ದನ್ನು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಕಾಕುವಿಗೆ ಸಲ್ಲುತ್ತಿದ್ದ ಅರ್ಧ ನಿಮ್ಮ ಮನೆಗೆ ಎಂದೆ. ಹೂಂ ಎಂದು ತಲೆಯಾಡಿಸಿದ.

ಅವತ್ತೇ ಕೊಯ್ಲು ಹಿಡಿದೆವು. ಕೆಳಗಿನ ಎಲೆ ಒಂದಿಷ್ಟು ಕೆಟ್ಟಿತ್ತು, ಉಳಿದದ್ದು ಗಟ್ಟಿಯಿತ್ತು. ಕಡಿದ ಗಿಡಗಳನ್ನು ಸಾಲಾಗಿ ಬಿಸಿಲಿಗೆ ಮಲಗಿಸಿದೆವು. ಅವು ಒಣಗಿ ಗಾಡಿ ಏರುವ ತನಕ ದಿನಾಲೂ ಹೋಗಿ ಬಂದೆ, ಯಾಕೆ ಎಂದು ಯಾರೂ ಕೇಳಲಿಲ್ಲ. ಇನ್ನೊಬ್ಬರ ಹೊಲದಲ್ಲಿ ಅಷ್ಟು ಎದೆಯೆತ್ತಿ ನಾನು ಎಂದೂ ನಡೆದಿರಲಿಲ್ಲ.