ಟರ್ಬೈನಿನ ಕೆಳಗೆ ಜಾಗವಿತ್ತು

ಕೆಂಪಮ್ಮ, ಬೇರೆ ದಾರಿ ಇತ್ತು. ಇಲ್ಲವೆಂದು ನಿಮ್ಮ ಮುಖ ನೋಡಿಕೊಂಡೇ ಹೇಳಿದೆ. ನಿಮ್ಮ ಮಗಳ ಮಣ್ಣನ್ನು ಅಲ್ಲಿಂದ ಎತ್ತಿಸಿದ್ದು ನನ್ನ ಆ ಸುಳ್ಳು.

ಹನ್ನೊಂದು ವರ್ಷವಾಯಿತು. ಇಷ್ಟು ದಿನದ ಮೇಲೆ ನನ್ನ ನೆನಪನ್ನು ಎಷ್ಟು ನಂಬಬೇಕೋ ತಿಳಿಯದು. ಅಂದು ನಿಮ್ಮ ಕಂಕುಳಲ್ಲಿ ಕುರಿಮರಿಯೊಂದಿತ್ತು ಎಂದು ನೆನಪು— ಆದರೆ ಅದು ಬೇರೆ ದಿನದ್ದಿರಬಹುದು, ಅಥವಾ ಆಮೇಲೆ ನಾನೇ ಸೇರಿಸಿಕೊಂಡದ್ದಿರಬಹುದು. ಆದ್ದರಿಂದ ಖಚಿತವಾಗಿ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಗುಡೇಮಾರನಹಳ್ಳಿಯ ನಿಮ್ಮ ಹೊಲವನ್ನು ಕೊಂಡವರು, ಅಲ್ಲಿ ತೆಂಗಿನ ಮಟ್ಟೆ, ಹಿಪ್ಪುನೇರಳೆ ಕಡ್ಡಿ ಉರಿಸಿ ಕರೆಂಟು ತಯಾರಿಸುವ ಸಣ್ಣ ಸ್ಥಾವರ ಕಟ್ಟಲು ಹೊರಟಿದ್ದರು. ಅದರ ಎಂಜಿನಿಯರ್ ನಾನು. ನಾನೊಬ್ಬಳೇ ಹೊಣೆ ಹೊತ್ತು ಬರೆದ ಮೊದಲ ನಕ್ಷೆ ಅದು. ಹಬೆ ಟರ್ಬೈನನ್ನು ತಿರುಗಿಸಿ ಹೊರಬರುತ್ತದೆ. ಅದನ್ನು ತಣಿಸಿ ಮತ್ತೆ ನೀರು ಮಾಡುವ ದೊಡ್ಡ ಡ್ರಮ್ಮೇ ಕಂಡೆನ್ಸರ್. ಅದನ್ನು ಟರ್ಬೈನಿನ ಕೆಳಗಿಡಬಹುದು, ಇಲ್ಲವೇ ಪಕ್ಕದಲ್ಲಿಡಬಹುದು. ಕೆಳಗಿಟ್ಟರೆ ಟರ್ಬೈನನ್ನು ಕಂಬಗಳ ಮೇಲೆ ಮಹಡಿಯೆತ್ತರಕ್ಕೆ ಏರಿಸಬೇಕು. ಪಕ್ಕದಲ್ಲಿಟ್ಟರೆ ಎಲ್ಲವೂ ನೆಲದ ಮಟ್ಟದಲ್ಲೇ, ಕೆಲಸವೂ ಬೇಗ. ಜಾಗ ಮಾತ್ರ ಹೆಚ್ಚು ಬೇಕು. ನಾನು ಪಕ್ಕದಲ್ಲಿ, ಪೂರ್ವದ ಕಡೆಗೆ ಬರೆದೆ. ಕಚೇರಿಯಲ್ಲಿ ಕೂತು, ಸರ್ವೆ ನಕ್ಷೆ ನೋಡಿಕೊಂಡು ಬರೆದೆ. ಆ ಮೂಲೆಯಲ್ಲಿ ಮೊಣಕಾಲೆತ್ತರದ ಕಲ್ಲೊಂದಿದೆ ಎಂಬುದು ಸರ್ವೆಯಲ್ಲಿರಲಿಲ್ಲ. ಒಮ್ಮೆ ಬಂದು ಹೊಲ ಸುತ್ತಿದ್ದರೆ ಕಾಣುತ್ತಿತ್ತು. ನಾನು ಬರಲಿಲ್ಲ.

ಆ ಕಲ್ಲಿನ ಕೆಳಗೆ ನಿಮ್ಮ ಗೌರಿ ಇದ್ದಳು. ನಾಲ್ಕು ವರ್ಷದವಳು, ಎಷ್ಟೋ ವರ್ಷಗಳ ಹಿಂದೆ ಜ್ವರದಲ್ಲಿ ಹೋದವಳು. ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ನಿಮ್ಮ ಮನೆತನದ ರೂಢಿ. ಮಹಾಲಯ ಅಮಾವಾಸ್ಯೆಗೆ ನೀವು ಅಲ್ಲಿ ಪುರಿ, ಬೆಲ್ಲ ಇಟ್ಟು ಬರುತ್ತಿದ್ದಿರಿ. ಹೊಲ ಮಾರುವಾಗ ಆ ಮೂಲೆಯನ್ನು ಮುಟ್ಟಬಾರದೆಂದು ನಿಮ್ಮ ಗಂಡ ಮರಿಯಪ್ಪನವರು ಕೇಳಿದ್ದರು. ಕೊಂಡವರು ಬಾಯಿಮಾತಿನಲ್ಲಿ ಒಪ್ಪಿದ್ದರು. ಪತ್ರದಲ್ಲಿ ಬರೆಸಿರಲಿಲ್ಲ.

ಪಾಯಕ್ಕೆ ಗುರುತು ಹಾಕುವ ದಿನ ಇಬ್ಬರೂ ಬಂದಿರಿ. ಸುಣ್ಣದ ಗೆರೆ ಕಲ್ಲನ್ನು ಒಳಗೆ ಹಾಕಿಕೊಂಡು ಹೋಗಿತ್ತು. ನೀವು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಗೆರೆಯ ಆಚೆ ನಿಂತೇ ಕೇಳಿದಿರಿ.

“ಇಲ್ಲಿ ಏನ್ ಇಕ್ತೀರಿ ಮೇಡಮ್ಮ?”

ಹಬೆಯನ್ನು ತಣ್ಣಗೆ ಮಾಡುವ ಡ್ರಮ್ಮು ಎಂದೆ.

“ಬಿಸಿ ಮಾಡಾಕೆ ಒಂದು, ತಣ್ಣಗ್ ಮಾಡಾಕೆ ಇನ್ನೊಂದಾ? ಒಳ್ಳೇ ಕೆಲ್ಸ ಕಣವ್ವ ನಿಮ್ದು! ಒಲೆನೇ ಹಚ್ದೆ ಇದ್ರೆ ಆಗ್ತಿರ್ಲಿಲ್ವಾ?”

ಎಲ್ಲರೂ ನಕ್ಕೆವು. “ಸುಮ್ಕಿರಮ್ಮಿ, ಓದ್ದೋರ್ತಾವ ಏನ್ ಮಾತಾಡ್ತೀಯ,” ಎಂದು ಮರಿಯಪ್ಪನವರು ಗದರಿದರು.

“ಕೇಳುದ್ರೆ ಗಂಟೋಯ್ತದಾ? ನೀನ್ ಒಸಿ ತಡಿ.”

ಹಬೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೈಯಲ್ಲೇ ತೋರಿಸಿ ಕೇಳಿದಿರಿ. ನಾನು ವಿವರಿಸಿದೆ. ಆಮೇಲೆ ನೀವು ಆಡಿದ ಮಾತು ನನಗೆ ಒಂದಕ್ಷರವೂ ಮರೆತಿಲ್ಲ—

“ತಣ್ಣಗಾದ್ರೆ ನೀರು ತಾನೆ? ನೀರು ಕೆಳಿಕ್ ತಾನೆ ಬೀಳೋದು? ಹಂಗಾರೆ ಆ ಡ್ರಮ್ನ ಮಿಸನ್ ಕೆಳಿಕೇ ಇಕ್ಬುಡಿ. ನಮ್ ಕೂಸು ಅದ್ರ ಪಾಡಿಗ್ ಅದು ಮನಿಕ್ಕೊಂಡಿರ್ತದೆ. ಆಗಾಕಿಲ್ವಾ ಮೇಡಮ್ಮ?”

ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ನಮ್ಮನ್ನು ಕೇಳುತ್ತಿದ್ದ ಪ್ರಶ್ನೆ ಅದು. ಶಾಲೆಯ ಮೆಟ್ಟಿಲು ಹತ್ತದ ನೀವು ಅದನ್ನು ಕೇಳಿದ್ದಷ್ಟೇ ಅಲ್ಲ, ಉತ್ತರವನ್ನೂ ಹೇಳಿಬಿಟ್ಟಿದ್ದಿರಿ. ಹೊಸ ನಕ್ಷೆ, ಎತ್ತರದ ಕಂಬಗಳು, ಮೂರು ತಿಂಗಳು ತಡ— ಅಷ್ಟೆ ಆಗುತ್ತಿದ್ದುದು. ಆದರೆ ಅದಕ್ಕೆ ನಾನು ಮೇಲಿನವರ ಮುಂದೆ ನಿಂತು, ಜಾಗ ನೋಡದೆ ನಕ್ಷೆ ಬರೆದೆ ಎಂದು ಒಪ್ಪಿಕೊಳ್ಳಬೇಕಿತ್ತು.

“ಆಗಲ್ಲ ಕೆಂಪಮ್ಮ. ಬೇರೆ ದಾರಿ ಇಲ್ಲ,” ಎಂದೆ.

ನೀವು ತಲೆಯಾಡಿಸಿದಿರಿ. “ನೀವೇ ಆಗಾಕಿಲ್ಲ ಅಂದ್ಮೇಲೆ ಮುಗೀತು ಬುಡಿ.”

ಆ ದಿನದ ನನ್ನ ದಿನಚರಿ ಈಗ ಮುಂದಿದೆ. ‘ಪೂರ್ವದ ಜಾಗದ ತೊಡಕು ಬಗೆಹರಿಯಿತು’— ಒಂದೇ ಸಾಲು. ನಿಮ್ಮ ಹೆಸರಿಲ್ಲ, ಮಗುವಿಲ್ಲ, ನೀವು ಕೇಳಿದ್ದೂ ಇಲ್ಲ. ನೆನಪು ಮೋಸ ಮಾಡುತ್ತದೆಂಬ ಭಯಕ್ಕೇ ದಿನಚರಿ ಇಟ್ಟವಳು ನಾನು.

ವಾರದೊಳಗೆ ಅಗೆದರು. ಅಷ್ಟು ಎಳೆಯ ಮೈ— ಏನೂ ಉಳಿದಿರಲಿಲ್ಲ. ಬರೀ ಕೆಮ್ಮಣ್ಣು. ಮೂರು ಹಿಡಿ ಎತ್ತಿಕೊಂಡು ಬೇರೆ ಕಡೆ ಹೂತರೆ ಸಾಕು ಎಂದರು ಹಿರಿಯರು. ನೀವು ಸೆರಗೊಡ್ಡಿ ಕೂತಿರಿ. ಒಂದು ಹಿಡಿ ಎತ್ತಿದಿರಿ, ಅದನ್ನು ಸುರಿದಿರಿ, ಇನ್ನೊಂದು ಕಡೆ ಕೈ ಹಾಕಿದಿರಿ, ಅದನ್ನೂ ಸುರಿದಿರಿ.

“ಯಾವ್ದು ಅವ್ಳ್ ಮಣ್ಣೋ ಗೊತ್ತಾಯ್ತಿಲ್ವಲ್ಲ ಮೇಡಮ್ಮ,” ಎಂದಿರಿ. ನನಗೆ ಗೊತ್ತಿರುತ್ತದೆ ಎಂಬಂತೆ ನನ್ನ ಕಡೆ ನೋಡಿದಿರಿ.

ನಾನು ಹೋಗಿ ಜೀಪಿನಲ್ಲಿ ಕೂತೆ.

ಹೋದ ತಿಂಗಳು ಮಾಗಡಿಯ ಬಸ್ ನಿಲ್ದಾಣದಲ್ಲಿ ನೀವೇ ನನ್ನ ಗುರುತು ಹಿಡಿದಿರಿ. ಕೈ ಹಿಡಿದುಕೊಂಡು ಮಾತಾಡಿದಿರಿ. “ನಮ್ಮೆಜಮಾನ್ರು ಇವತ್ಗೂ ಬೈತಾರೆ ಕಣವ್ವ. ‘ನೀನ್ ತಲೆ ಆಡಿಸ್ದೆ, ಕೂಸ್ನ ಎತ್ತಿಸ್ಬುಟ್ಟೆ’ ಅಂತಾರೆ. ಆಗೋ ಹಂಗಿದ್ರೆ ಆಯಮ್ಮ ಮಾಡ್ದೆ ಬುಡ್ತಿದ್ರಾ ಅಂತೀನಿ ನಾನು. ಅಲ್ವರಾ?”

ಆಗಲಾದರೂ ಹೇಳಬಹುದಿತ್ತು. ಸೋಲೂರಿನ ಬಸ್ಸು ಬಂತು, ಹತ್ತಿಬಿಟ್ಟೆ. ನನಗೆ ಸೋಲೂರಿನಲ್ಲಿ ಯಾವ ಕೆಲಸವೂ ಇರಲಿಲ್ಲ.

ಅಂದಿನಿಂದ ಯೋಚಿಸುತ್ತಿದ್ದೇನೆ. ಬೇರೆ ದಾರಿ ಇರಲಿಲ್ಲ ಎಂಬ ಒಂದು ಮಾತಿನಲ್ಲಿ ನೀವು ಇಷ್ಟು ವರ್ಷ ಸಮಾಧಾನ ಕಂಡುಕೊಂಡಿದ್ದೀರಿ. ನಿಜ ಹೇಳಿದರೆ ಅದನ್ನೂ ನಿಮ್ಮಿಂದ ಕಿತ್ತುಕೊಂಡಂತೆ. ಹೇಳದಿದ್ದರೆ— ನಿಮ್ಮ ಒಳಿತಿಗೆಂದೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ, ಅದು ಇನ್ನೊಂದು ಸುಳ್ಳು. ಇದನ್ನು ನೀವು ಓದಲಾರಿರಿ. ಅದು ಗೊತ್ತಿದ್ದೇ ಬರೆಯಲು ಕೂತೆ; ಇದೂ ಹೇಡಿತನವೇ.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಮರಿಯಪ್ಪನವರು ಕುರಿ ಹೊಡೆದುಕೊಂಡು ಹೊರಡುವ ಮುಂಚೆಯೇ ಬರುತ್ತೇನೆ. ಅವರ ಎದುರಿಗೇ ಹೇಳಬೇಕು. ಹನ್ನೊಂದು ವರ್ಷ ಅವರು ನಿಮ್ಮನ್ನು ಬೈದರು, ಬೈಸಿಕೊಳ್ಳಬೇಕಾದವಳು ನಾನು.